ಪ್ರಾಥಮಿಕ ಶಾಲೆ ಶಿಕ್ಷಕರಾಗಲು ಡಿಗ್ರಿ: ಗಣಿತ ಅಂದರೆ ಭಯ ಇದ್ದರೆ ನಡೆಯುತ್ತಾ?

"ಪ್ರಾಥಮಿಕ ಶಾಲೆ ಶಿಕ್ಷಕರಾಗಲು ಯೂನಿವರ್ಸಿಟಿ ಡಿಗ್ರಿ ಮಾಡೋಣ ಅಂತಿದ್ದೇನೆ. ಸೇರಲು ಏನೇನು ಬೇಕು, ಸೇರಿದ ಮೇಲೆ ಏನೇನು ಮಾಡಿಸುತ್ತಾರೆ? ಮಕ್ಕಳೆಂದರೆ ಇಷ್ಟ, ಗಣಿತ ಅಂದರೆ ಮಾತ್ರ ಭಯ" ಎಂದು ಕೇಳಿದ್ದೀರಿ. ನಾನು ಆ ಡಿಗ್ರಿ ಮುಗಿಸಿ ಸಣ್ಣ ತರಗತಿಗಳಿಗೆ ಪಾಠ ಮಾಡುತ್ತಿರುವವಳು. ನನಗೂ ಗಣಿತಕ್ಕೂ ಆಗಿಬರುತ್ತಿರಲಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಯ ಕೊನೆಯ ತುಂಡಿಗೇ ಜಾಸ್ತಿ ಜಾಗ ಕೊಡುತ್ತೇನೆ, ಬೇಜಾರಾಗಬೇಡಿ.

ಸೇರುವ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಹನ್ನೆರಡನೇ ತರಗತಿ ಮಟ್ಟದ ಓದು ಮುಗಿದಿರಬೇಕು, ಕನಿಷ್ಠ ಅಂಕ ಇರಬೇಕು, ಪಾಠ ಮಾಡಲಿರುವ ಭಾಷೆ ಚೆನ್ನಾಗಿ ಬರಬೇಕು. ಕೆಲವು ಕಡೆ ಪ್ರವೇಶ ಪರೀಕ್ಷೆ ಇರುತ್ತದೆ, ಕೆಲವು ಕಡೆ ಸಂದರ್ಶನ. ಇಂಗ್ಲೆಂಡಿನಲ್ಲಿ ಪ್ರಾಥಮಿಕ ಶಿಕ್ಷಕರ ತರಬೇತಿಗೆ ಬರುವವರು ಜಿಸಿಎಸ್‌ಇ ಎಂಬ, ಅಲ್ಲಿ ಸುಮಾರು ಹದಿನಾರನೇ ವಯಸ್ಸಿಗೆ ಬರೆಯುವ ಶಾಲಾ ಪರೀಕ್ಷೆಯಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ ಮೂರರಲ್ಲೂ ಕನಿಷ್ಠ 4ನೇ ಗ್ರೇಡ್ ಪಡೆದಿರಬೇಕು. ಗಣಿತ ಬಾಗಿಲಲ್ಲೇ ಕೂತಿರುತ್ತದೆ ನೋಡಿ. ಮಕ್ಕಳ ನಡುವೆ ಮಾಡುವ ಕೆಲಸವಾದ್ದರಿಂದ ಅನೇಕ ದೇಶಗಳಲ್ಲಿ ನಿಮ್ಮ ಮೇಲೆ ಪೊಲೀಸ್ ಕೇಸು ಇದೆಯಾ ಅಂತಲೂ ನೋಡುತ್ತಾರೆ. ಕೇಸು ಇಲ್ಲ ಅನ್ನುವ ಕಾಗದ ಬರದೆ ಶಾಲೆಯೊಳಗೆ ಬಿಡದಿರಬಹುದು. ಅರ್ಜಿ ಬೇಗ ಹಾಕಿ.

ಓದು ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ವರ್ಷ. ಫಿನ್ಲೆಂಡಿನಲ್ಲಿ ಐದು, ಯಾಕೆಂದರೆ ಅಲ್ಲಿ ಒಂದನೇ ತರಗತಿಗೆ ಪಾಠ ಮಾಡಲೂ ಸ್ನಾತಕೋತ್ತರ ಪದವಿಯೇ ಬೇಕು. ಜರ್ಮನಿಯಲ್ಲಿ ಯೂನಿವರ್ಸಿಟಿ ಮುಗಿದ ಮೇಲೂ ಒಂದರಿಂದ ಎರಡು ವರ್ಷ ಶಾಲೆಯಲ್ಲಿ ತರಬೇತಿ, ಅದಾದ ಮೇಲೆ ಇನ್ನೊಂದು ಪರೀಕ್ಷೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಡಿಗ್ರಿ ಬೇರೆ, ಪಾಠ ಮಾಡುವ ಅರ್ಹತೆ ಬೇರೆ. ಭಾರತದಲ್ಲಿ 2018ರಲ್ಲಿ ಬಿ.ಇಡಿ. ಆದವರೂ ಒಂದರಿಂದ ಐದನೇ ತರಗತಿಗೆ ಪಾಠ ಮಾಡಬಹುದು ಎಂದು ನಿಯಮ ಬಂತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮ ನಿಲ್ಲುವುದಿಲ್ಲ ಎಂದಿತು. ಚಿಕ್ಕ ಮಕ್ಕಳಿಗೆ ಕಲಿಸಲು ಬೇರೆಯೇ ತರಬೇತಿ ಬೇಕು ಅನ್ನುವುದು ಅದರ ಹಿಂದಿನ ಮಾತು. 2018ರ ನಿಯಮವನ್ನೇ ನಂಬಿಕೊಂಡು ಓದಿದವರ ಪಾಡು ಏನಾಗಿರಬೇಡ! ಆದ್ದರಿಂದ ಫೀಸು ಕಟ್ಟುವ ಮೊದಲೇ ಕೇಳಿ: ಈ ಡಿಗ್ರಿ ಇಟ್ಟುಕೊಂಡು ಎಷ್ಟನೇ ತರಗತಿಯಿಂದ ಎಷ್ಟನೇ ತರಗತಿವರೆಗೆ ಕಲಿಸಬಹುದು? ಇದರ ಮೇಲೆ ಬೇರೆ ಅರ್ಹತಾ ಪರೀಕ್ಷೆ ಬರೆಯಬೇಕಾ? ಬಾಯಿಮಾತು ಬೇಡ, ಬರಹದಲ್ಲಿ ತಗೊಳ್ಳಿ.

ಇನ್ನು ಓದು. ಹೈಸ್ಕೂಲು ಶಿಕ್ಷಕರ ಹಾಗೆ ಒಂದು ವಿಷಯ ಹಿಡಿದುಕೊಂಡರೆ ಇಲ್ಲಿ ಸಾಲದು. ಭಾಷೆ, ಗಣಿತ, ವಿಜ್ಞಾನ, ಸಮಾಜ, ಚಿತ್ರ, ಹಾಡು, ಆಟ ಎಲ್ಲದರಲ್ಲೂ ಒಂದೊಂದು ಪೇಪರ್ ಬರುತ್ತದೆ. ಜೊತೆಗೆ ಮಕ್ಕಳ ಬೆಳವಣಿಗೆ, ಕಲಿಕೆಯಲ್ಲಿ ಹಿಂದುಳಿಯುವ ಮಕ್ಕಳಿಗೆ ಹೇಗೆ ಕಲಿಸಬೇಕು, ಮೌಲ್ಯಮಾಪನ. ನನಗೆ ಕಣ್ಣು ತೆರೆಸಿದ್ದು ಓದು ಕಲಿಸುವ ಪೇಪರ್. ನಾವು ಓದಲು ಕಲಿತದ್ದು ಹೇಗೆ ಅಂತ ನಮಗೇ ನೆನಪಿರುವುದಿಲ್ಲ ಅಲ್ವಾ? ಒಂದು ಮಗು "ಮ... ರ..." ಎಂದು ಬೆರಳಿಟ್ಟು ಓದಿ, ಪಕ್ಕದ ಚಿತ್ರ ನೋಡಿ, "ಗಿಡ!" ಎಂದಿತು. ಅಕ್ಷರ ಎರಡೂ ಬಂದಿವೆ, ಪದ ಬಂದಿಲ್ಲ. ಎರಡು ದನಿ ಕೂಡಿಸಿದರೆ ಒಂದು ಪದ ಆಗುತ್ತದೆ ಅನ್ನುವುದನ್ನೇ ಕಲಿಸಬೇಕು ಅಂತ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಈಗ ನಿಮ್ಮ ಗಣಿತ. ಮೊದಲ ಕ್ಲಾಸಿನಲ್ಲಿ ಮೇಡಂ ಬೋರ್ಡಿನ ಮೇಲೆ 52 − 27 = 35 ಎಂದು ಬರೆದು, "ಈ ಮಗು ಏನು ಮಾಡಿದೆ ಹೇಳಿ" ಎಂದರು. "ತಪ್ಪು ಮಾಡಿದೆ" ಎಂದೆವು. "ಅದು ನನಗೂ ಕಾಣುತ್ತದೆ. ಏನು ಮಾಡಿದೆ?" ಎಂದು ಮತ್ತೆ ಕೇಳಿದರು. ಸ್ವಲ್ಪ ಹೊತ್ತು ನೋಡಿದ ಮೇಲೆ ಗೊತ್ತಾಯಿತು. ಬಿಡಿಸ್ಥಾನದಲ್ಲಿ 2ರಲ್ಲಿ 7 ಹೋಗುವುದಿಲ್ಲ, ಹಾಗಾಗಿ ತಿರುಗಿಸಿ 7ರಲ್ಲಿ 2 ಕಳೆದಿದೆ. ಬಂದದ್ದು 5. ಹತ್ತರ ಸ್ಥಾನದಲ್ಲಿ 5ರಲ್ಲಿ 2 ಕಳೆದು 3. "ದೊಡ್ಡ ಸಂಖ್ಯೆಯಿಂದ ಚಿಕ್ಕದನ್ನು ಕಳೆಯಬೇಕು" ಎಂದು ಯಾರೋ ಹೇಳಿಕೊಟ್ಟದ್ದನ್ನು ಮಗು ಚಾಚೂತಪ್ಪದೆ ಪಾಲಿಸಿದೆ ಅಷ್ಟೇ. ಇಂಥ ಮಗುವಿಗೆ ಇನ್ನೂ ಇಪ್ಪತ್ತು ಲೆಕ್ಕ ಕೊಟ್ಟರೆ ಇಪ್ಪತ್ತನ್ನೂ ಹೀಗೇ ಮಾಡುತ್ತದೆ.

ಆಮೇಲೆ ನಮ್ಮ ಕೈಗೆ ಕಡ್ಡಿಗಳನ್ನು ಕೊಟ್ಟರು. ಹತ್ತು ಹತ್ತರ ಐದು ಕಟ್ಟು, ಬಿಡಿಯಾಗಿ ಎರಡು. ಏಳು ಬಿಡಿ ಕಡ್ಡಿ ತೆಗೆಯಬೇಕು, ಇರುವುದು ಎರಡೇ. ಒಂದು ಕಟ್ಟು ಬಿಚ್ಚಬೇಕು. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ತೆಗೆದರೆ ಐದು ಬಿಡಿ, ಎರಡು ಕಟ್ಟು ತೆಗೆದರೆ ಎರಡು ಕಟ್ಟು. 25. ನಾನು ಜೀವನವಿಡೀ "ಪಕ್ಕದ ಮನೆಯಿಂದ ಸಾಲ ತಗೋ" ಎಂದು ಮಾಡುತ್ತಿದ್ದ ಲೆಕ್ಕ ಇದು. ಇಲ್ಲಿ ಸಾಲವೇ ಇಲ್ಲ! ಮುಂದೆ ತರಗತಿಯಲ್ಲಿ ಅಭ್ಯಾಸಬಲದಿಂದ ಸಾಲ ಎಂದುಬಿಟ್ಟೆ. ಒಬ್ಬ ಹುಡುಗ, "ವಾಪಸ್ ಯಾವಾಗ ಕೊಡಬೇಕು ಮಿಸ್?" ಎಂದ. ಸರಿಯಾದ ಪ್ರಶ್ನೆ.

ವಿಷಯ ಗೊತ್ತಿರುವುದು ಒಂದು, ಅದು ಮಗುವಿನ ತಲೆಯಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಗೊತ್ತಿರುವುದು ಇನ್ನೊಂದು. ಈ ಎರಡನೆಯದಕ್ಕೆ ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲಿ ಒಂದು ಹೆಸರನ್ನೇ ಕೊಟ್ಟರು, ಪೆಡಗಾಜಿಕಲ್ ಕಂಟೆಂಟ್ ನಾಲೆಡ್ಜ್ ಎಂದು. ಪರೀಕ್ಷೆಯಲ್ಲಿ ಕೇಳುತ್ತಾರೆ, ಬಾಯಿಪಾಠ ಮಾಡಿಕೊಳ್ಳಿ. ನನ್ನ ಅನುಭವದಲ್ಲಿ ಗಣಿತಕ್ಕೆ ಹೆದರುತ್ತಿದ್ದವರು ಇಲ್ಲಿ ಕೆಟ್ಟದಾಗೇನೂ ಮಾಡಲಿಲ್ಲ. ಲೆಕ್ಕ ಸಲೀಸಾಗಿ ಬರುತ್ತಿದ್ದ ಗೆಳತಿಯೊಬ್ಬಳು "ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ?" ಎಂದು ನಿಜವಾಗಿಯೂ ಒದ್ದಾಡಿದಳು. ಆದರೆ ಆ ಪೇಪರ್ ತಪ್ಪಿಸಿಕೊಳ್ಳಬಹುದು ಎಂದುಕೊಂಡು ಸೇರಬೇಡಿ. ತಪ್ಪಿಸಿಕೊಳ್ಳಲು ಆಗುವುದಿಲ್ಲ.

ನಿಜವಾಗಿ ಹಿಂಡುವುದು ಶಾಲೆಯಲ್ಲಿ ಮಾಡುವ ಪ್ರಾಕ್ಟೀಸ್ ಟೀಚಿಂಗ್. ಇಂಗ್ಲೆಂಡಿನ ನಾಲ್ಕು ವರ್ಷದ ಡಿಗ್ರಿಯಲ್ಲಿ ಇದಕ್ಕೆ ಕನಿಷ್ಠ 160 ದಿನ. ಮೊದಲು ಹಿಂದಿನ ಬೆಂಚಿನಲ್ಲಿ ಕೂತು ಸುಮ್ನೆ ನೋಡುವುದು. ಆಮೇಲೆ ಮೈಕ್ರೋ ಟೀಚಿಂಗ್, ಅಂದರೆ ಐದು-ಹತ್ತು ನಿಮಿಷದ ಪಾಠ. ಮಾಡಿ, ಬೈಸಿಕೊಂಡು, ಅದನ್ನೇ ಮತ್ತೆ ಮಾಡುವುದು. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯಲ್ಲಿ ಹುಟ್ಟಿದ ಪದ್ಧತಿ ಇದು. ಸಹಪಾಠಿಗಳೇ ಮಕ್ಕಳಾಗಿ ಕೂತಿರುತ್ತಾರೆ, ಬೇಕಂತಲೇ ತರಲೆ ಮಾಡುತ್ತಾರೆ. ಕೊನೆಗೆ ವಾರಗಟ್ಟಲೆ ಇಡೀ ತರಗತಿ ನಿಮ್ಮ ಕೈಗೆ. ರಾತ್ರಿ ಲೆಸನ್ ಪ್ಲಾನ್ ಬರೆಯಬೇಕು, ಬೆಳಿಗ್ಗೆ ಅದು ಹತ್ತೇ ನಿಮಿಷದಲ್ಲಿ ಹಳ್ಳ ಹಿಡಿಯುತ್ತದೆ. ನನ್ನ ಗಂಟಲು ಎರಡನೇ ವಾರಕ್ಕೇ ಕೂತುಹೋಗಿತ್ತು.

ಆ ದಿನಗಳದ್ದು ಒಂದು ಘಟನೆ ಹೇಳುತ್ತೇನೆ. ಒಬ್ಬಳು ಹುಡುಗಿ ಅದೇ 52 − 27ಕ್ಕೆ 25 ಎಂದು ಬರೆದಿದ್ದಳು. ಹೇಗೆ ಮಾಡಿದಳೋ ತಿಳಿಯೋಣ ಎಂದು "ಹೌದಾ, 25ಆ?" ಎಂದೆ. ತಕ್ಷಣ ರಬ್ಬರ್ ತೆಗೆದು ಅಳಿಸಿಬಿಟ್ಟಳು. ಮಕ್ಕಳ ಬೆಳವಣಿಗೆಯ ಪೇಪರಿನಲ್ಲಿ ಓದಿದ್ದೇ ಕಣ್ಣೆದುರು ನಡೆಯಿತು. ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಪಿಯಾಜೆಯ ನೀರಿನ ಲೋಟದ ಪ್ರಯೋಗ ಕೇಳಿರಬಹುದು. ಗಿಡ್ಡ ಲೋಟದ ನೀರನ್ನು ಉದ್ದ ಲೋಟಕ್ಕೆ ಸುರಿದರೆ ನೀರು ಜಾಸ್ತಿ ಆಯಿತು ಎಂದು ಚಿಕ್ಕ ಮಕ್ಕಳು ಹೇಳುತ್ತವೆ. ಅದರಲ್ಲಿ ಸುರಿಯುವ ಮೊದಲು ಒಮ್ಮೆ, ಸುರಿದ ಮೇಲೆ ಇನ್ನೊಮ್ಮೆ ಅದೇ ಪ್ರಶ್ನೆ ಕೇಳುತ್ತಾರೆ. 1974ರಲ್ಲಿ ಸಂಶೋಧಕರಾದ ಸೂಸನ್ ರೋಸ್ ಮತ್ತು ಮರಿಯನ್ ಬ್ಲ್ಯಾಂಕ್ ಇದೇ ಬಗೆಯ ಪ್ರಯೋಗದಲ್ಲಿ ಪ್ರಶ್ನೆಯನ್ನು ಕೊನೆಗೆ ಒಂದೇ ಸಲ ಕೇಳಿ ನೋಡಿದರು. ಆಗ ಜಾಸ್ತಿ ಮಕ್ಕಳು ಸರಿ ಹೇಳಿದರು. ದೊಡ್ಡವರು ಮತ್ತೆ ಕೇಳಿದರೆ ಮೊದಲ ಉತ್ತರ ತಪ್ಪಿರಬೇಕು ಎಂದೇ ಮಗುವಿನ ಲೆಕ್ಕ. ಈಗ ನಾನು ಸರಿ ಇದ್ದರೂ, ತಪ್ಪಿದ್ದರೂ "ಹೇಗೆ ಮಾಡಿದೆ, ತೋರಿಸು" ಅಂತಲೇ ಕೇಳುತ್ತೇನೆ.

ಅರ್ಜಿ ಹಾಕುವ ಮೊದಲು ಪರಿಚಯದ ಏಳೆಂಟು ವರ್ಷದ ಮಗುವೊಂದನ್ನು ಕೂರಿಸಿಕೊಳ್ಳಿ. ಕಡ್ಡಿ ಕಟ್ಟಿಕೊಂಡು, ಸಾಲ ಅನ್ನುವ ಪದ ಬಳಸದೆ, 52ರಲ್ಲಿ 27 ಕಳೆಯುವುದನ್ನು ಹೇಳಿಕೊಡಿ. ಬೆವರಿದರೂ ಪರವಾಗಿಲ್ಲ, ನನಗೂ ಬೆವರು ಬಂದಿತ್ತು.