ಫ್ರೆಂಚ್ ಕವಿ ಅಪೊಲಿನೇರ್‌ನ ‘ಮಿರಾಬೋ ಸೇತುವೆ’ ಕವನ ಅನುವಾದಿಸುವಾಗ ವಿರಾಮಚಿಹ್ನೆ ಹಾಕಬಹುದೇ?

ಮೂಲದಲ್ಲಿ ಒಂದೂ ಚಿಹ್ನೆಯಿಲ್ಲ, ಕನ್ನಡದ ಓದುಗರಿಗಾಗಿ ನಾನು ಸೇರಿಸಲೇ ಎಂದು ಕೇಳಿದ್ದೀರಿ. ಬೇಡ.

1912ರ ಫೆಬ್ರವರಿಯಲ್ಲಿ ಪತ್ರಿಕೆಯಲ್ಲಿ ಬಂದಾಗ ಈ ಕವನಕ್ಕೆ ಚಿಹ್ನೆಗಳಿದ್ದವು. ಪ್ರತಿ ಪದ್ಯ ಹತ್ತು ಉಚ್ಚಾರಾಂಶದ ಮೂರು ಸಾಲು. ‘ಆಲ್ಕಾಲ್’ ಸಂಕಲನದ (1913) ಕರಡು ತಿದ್ದುವಾಗ ಅವನು ಇಡೀ ಪುಸ್ತಕದ ಚಿಹ್ನೆಗಳನ್ನು ಅಳಿಸಿಬಿಟ್ಟ. ಈ ಕವನದಲ್ಲಿ ಪ್ರತಿ ಪದ್ಯದ ಎರಡನೆಯ ಸಾಲನ್ನೂ 4 ಮತ್ತು 6 ಉಚ್ಚಾರಾಂಶಗಳ ಎರಡು ಸಾಲಾಗಿ ಮುರಿದ. ಲಯವೂ ಸಾಲು ಕಡಿಯುವ ಜಾಗವೂ ನಿಜವಾದ ವಿರಾಮಚಿಹ್ನೆಗಳು ಎಂಬುದು ಅವನ ವಾದ.

ಆ ಮುರಿತದಿಂದ ‘ಎ ನೊ ಜಾಮೂರ್’ (ಮತ್ತು ನಮ್ಮ ಒಲವುಗಳು) ನಡುವೆ ಒಂಟಿಯಾಗಿ ನಿಂತಿದೆ. ಮೇಲಕ್ಕೆ ಕೂಡಿಸಿದರೆ ಸೇನ್ ನದಿಯ ಜತೆ ಒಲವೂ ಹರಿಯುತ್ತದೆ. ಕೆಳಕ್ಕೆ ಕೂಡಿಸಿದರೆ ಅದನ್ನು ನೆನೆಯಬೇಕೇ ಎಂಬ ಪ್ರಶ್ನೆಯಾಗುತ್ತದೆ. ನಿಮ್ಮ ಅನುವಾದ ಎಡವುವುದು ಇಲ್ಲೇ. ‘ಒಲವೂ’ ಎಂದರೆ ಮೇಲಿನ ಸಾಲಿಗೆ, ‘ಒಲವನ್ನು’ ಎಂದರೆ ಕೆಳಗಿನದಕ್ಕೆ ಗಂಟು ಬೀಳುತ್ತದೆ. ಕನ್ನಡದಲ್ಲಿ ‘ಪುಸ್ತಕ ಓದಿದೆ’ ಎನ್ನುವಂತೆ ಪ್ರತ್ಯಯ ಬಿಡಬಹುದಲ್ಲ, ಅದನ್ನೇ ಬಳಸಿ:

ಮಿರಾಬೋ ಸೇತುವೆಯಡಿ ಹರಿವಳು ಸೇನ್
ನಮ್ಮ ಒಲವು
ನೆನೆಯಲೇಬೇಕೆ ನಾನು

‘ಮತ್ತು’ ಹೋಯಿತು, ಚಿಂತೆಯಿಲ್ಲ. ಅದನ್ನು ಇಟ್ಟರೆ ಸಾಲು ಕಚೇರಿಯ ಪತ್ರದಂತಾಗುತ್ತದೆ.

ಮೂಲವನ್ನು ಎಣಿಸುವಾಗ ಲಘು-ಗುರು ಮರೆತುಬಿಡಿ. ‘ಸೂ-ಲ-ಪೋಂ-ಮಿ-ರಾ-ಬೋ-ಕೂ-ಲ-ಲಾ-ಸೇನ್’, ಹತ್ತು. ಮಾತಿನ ಫ್ರೆಂಚ್‌ನಂತೆ ‘ಕೂಲ್ ಲಾ’ ಎಂದರೆ ಒಂಬತ್ತೇ ಸಿಗುತ್ತದೆ. ಮೂಕ ‘ಎ’ ಆದಮೇಲೆ ವ್ಯಂಜನ ಬಂದರೆ ಆ ‘ಎ’ಯನ್ನು ಪದ್ಯದಲ್ಲಿ ಉಚ್ಚರಿಸಬೇಕು, ಸಾಲಿನ ಕೊನೆಯದನ್ನು ಲೆಕ್ಕಕ್ಕೆ ಹಿಡಿಯಬಾರದು.

ನಾಲ್ಕು ಸಲ ಬರುವ ಪಲ್ಲವಿಯ ಸಾಲುಗಳು ಏಳೇಳು ಉಚ್ಚಾರಾಂಶದವು. ಅಲ್ಲಿನ ‘ವಿಯೆನ್’ಗೆ ‘ಬರುತ್ತದೆ’ ಎಂಬ ಅರ್ಥವಿಲ್ಲ, ‘ಬರಲಿ’ ಎಂದು. ‘ಇರುಳು ಬರಲಿ ಗಂಟೆ ಹೊಡೆಯಲಿ’ ಎಂದರೆ ಸಾಕು, ಅಲ್ಪವಿರಾಮವನ್ನು ಯಾರೂ ಹುಡುಕುವುದಿಲ್ಲ.

ಹಿನ್ನೆಲೆಗೆ ಇಷ್ಟು ಸಾಕು: ಚಿತ್ರಕಲಾವಿದೆ ಮಾರಿ ಲೋರಾನ್ಸೆನ್ ಜತೆಗಿನ ಸಂಬಂಧ ಮುರಿದ ಕಾಲ ಅದು. ಅವಳಿದ್ದ ಪ್ಯಾರಿಸ್ಸಿನ ಓತೈ ಬಡಾವಣೆ ಸೇತುವೆಯ ಒಂದು ತುದಿಗಿದೆ. 1911ರ ಸೆಪ್ಟೆಂಬರಿನಲ್ಲಷ್ಟೇ ಮೋನಾ ಲೀಸಾ ಕಳವಿನ ಶಂಕೆಯ ಮೇಲೆ ಅವನನ್ನು ಸಾಂತೆ ಜೈಲಿಗೆ ಹಾಕಿದ್ದರು. ಆದರೆ ಕವನದಲ್ಲಿ ಮಾರಿಯ ಹೆಸರಿಲ್ಲ, ಅಡಿಟಿಪ್ಪಣಿಯಲ್ಲೂ ತುರುಕಬೇಡಿ.

1913ರ ಡಿಸೆಂಬರಿನಲ್ಲಿ ಸೊರ್ಬೊನ್ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹಕ್ಕಾಗಿ ಅವನೇ ಓದಿದ ಧ್ವನಿಮುದ್ರಣ ಉಳಿದಿದೆ. ಕೊನೆಯ ಕರಡಿಗೆ ಮೊದಲು ಅದನ್ನು ಕೇಳಿ, ‘ಎ ನೊ ಜಾಮೂರ್’ ಬಂದಾಗ ಅವನು ಎಲ್ಲಿ ಉಸಿರೆಳೆಯುತ್ತಾನೆ ಗಮನಿಸಿ.