ಖಾಲಿ ಹಾಸಿಗೆಗಳ ಲೆಕ್ಕ

ಓದುಗರ ಪತ್ರ:

"ಸಂಪಾದಕರೇ, ಬೀದಿಯಲ್ಲಿ ಮಲಗುವವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ಕರುಳು ಚುರ್ ಎಂದಿತು, ನಿಜ. ಆದರೆ ನಮ್ಮ ಊರಿನ ಪಾಲಿಕೆಯವರು ಊರಾಚೆ ಬೈಪಾಸ್ ಹತ್ತಿರ ವಸತಿರಹಿತರಿಗೆ ಐವತ್ತು ಹಾಸಿಗೆಯ ಕೇಂದ್ರ ಮಾಡಿದ್ದಾರೆ. ನಾನೇ ಮೂರು ಸಲ ಸಂಜೆ ವಾಕಿಂಗ್ ಹೋದಾಗ ಎಣಿಸಿದ್ದೇನೆ. ಹತ್ತು ಹನ್ನೆರಡು ಜನಕ್ಕಿಂತ ಜಾಸ್ತಿ ಇಲ್ಲ. ಈಗ ನಮ್ಮ ಬಡಾವಣೆಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಹಳೇ ಶಾಲೆ ಕಟ್ಟಡದಲ್ಲಿ ಇನ್ನೊಂದು ತೆರೆಯುತ್ತಾರಂತೆ. ಇರುವುದೇ ತುಂಬಿಲ್ಲ, ಇನ್ನೊಂದು ಯಾಕೆ? ಅವರಿಗೆ ಬೇಡ ಎಂದೇ ಅರ್ಥ ಅಲ್ಲವೇ? ಕಂದಾಯ ಕಟ್ಟುವ ನಮ್ಮ ದುಡ್ಡು ಇದಕ್ಕೆಲ್ಲ ಹೋಗಬೇಕೇ? ಕುಡುಕರ ಕಾಟ ಬೇರೆ. ಎಂಬತ್ತು ಮನೆಯವರು ಸಹಿ ಹಾಕಿ ಮನವಿ ಕೊಡಲಿದ್ದೇವೆ. ಪ್ರತಿ ಲಗತ್ತಿಸಿದ್ದೇನೆ. ಊರಿನ ಹೆಸರು ಹಾಕಬೇಡಿ. ವಿ.ಸೂ.: ಎರಡು ತಿಂಗಳಿಂದ ನಿಮ್ಮ ಪತ್ರಿಕೆ ತಡವಾಗಿ ಬರುತ್ತಿದೆ."
— ನಿವೃತ್ತ ಶಿಕ್ಷಕ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಎರಡು ವಾರದಿಂದ ನನ್ನ ಮೇಜಿನ ಮೇಲೇ ಇದೆ. ಈ ವಿಷಯಕ್ಕೆ ಬಂದ ಉಳಿದ ಪತ್ರಗಳಲ್ಲಿ ಬರೀ ಸಿಟ್ಟು. ನೀವು ಮಾತ್ರ ಹೋಗಿ ತಲೆ ಎಣಿಸಿ ಬಂದಿದ್ದೀರಿ. ಹಾಜರಿ ತೆಗೆಯುವ ಅಭ್ಯಾಸ ನಿವೃತ್ತಿಯಾದರೂ ಹೋಗುವುದಿಲ್ಲ, ಅಲ್ವಾ? ಅದಕ್ಕೇ ನಾನೂ ನಿಮ್ಮ ಹಾಜರಿ ಪುಸ್ತಕದಿಂದಲೇ ಶುರು ಮಾಡುತ್ತೇನೆ. ಐವತ್ತಕ್ಕೆ ಹನ್ನೆರಡು. ನಿಮ್ಮ ತರಗತಿಯಲ್ಲಿ ಹೀಗೆ ಆಗಿದ್ದರೆ ಮಕ್ಕಳಿಗೆ ಓದು ಬೇಡ ಎಂದು ಬರೆದು ಶಾಲೆಗೆ ಬೀಗ ಹಾಕುತ್ತಿದ್ದಿರಾ? ಕೇರಿಗೆ ಹೋಗಿ, ಒಂದೊಂದು ಮನೆ ಬಾಗಿಲಲ್ಲೂ ನಿಂತು, ಯಾಕಮ್ಮ ಕಳಿಸಿಲ್ಲ ಎಂದು ಕೇಳುತ್ತಿದ್ದಿರಿ.

ನಾವೂ ಹಾಗೆ ಕೇಳಲು ಹೋಗಿದ್ದೆವು. ಬೇರೆ ಜಿಲ್ಲೆಯ ಒಂದು ಕೇಂದ್ರ. ಅದರ ಹೆಸರು ಬೇಡ. ರಾತ್ರಿ ಹತ್ತೂವರೆಗೆ ನಾನೂ ನಮ್ಮ ವರದಿಗಾರನೂ ಅಲ್ಲಿ ನಿಂತಾಗ ಗೇಟಿಗೆ ಬೀಗ. ಒಳಗೆ ದೀಪ ಆರಿತ್ತು. ಎದುರಿನ ಮುಚ್ಚಿದ ಅಂಗಡಿಯ ಜಗಲಿ ಮೇಲೆ ನಾಲ್ಕು ಜನ ಮಲಗಿದ್ದರು. ಕೇಂದ್ರದಿಂದ ಮೂವತ್ತು ಹೆಜ್ಜೆಯೂ ಇಲ್ಲ. ಅವರಲ್ಲೊಬ್ಬ ಮದುವೆ ಮನೆಗಳಲ್ಲಿ ಬಡಿಸುವ ಕೆಲಸದವನು. ಒಳಗೆ ಯಾಕೆ ಮಲಗುವುದಿಲ್ಲ ಎಂದು ಕೇಳಿದೆ. "ಒಂಬತ್ತಕ್ಕೆ ಬಾ ಅಂತಾರೆ ಸಾರ್. ಆರತಕ್ಷತೆ ದಿನ ಒಂಬತ್ತಕ್ಕೆ ನಾನು ಎರಡನೇ ಪಂಕ್ತಿಗೆ ಸಾಂಬಾರ್ ಬಡಿಸ್ತಾ ಇರ್ತೀನಿ" ಎಂದ. ಪಕ್ಕದವನು ಮಾರುಕಟ್ಟೆಯ ಹಮಾಲಿ. ಅವನ ಲಾರಿಗಳು ಬರುವುದೇ ಬೆಳಗಿನ ಜಾವ ಮೂರಕ್ಕೆ. ಮೂರಕ್ಕೆ ಎದ್ದು ಹೊರಡಬೇಕೆಂದರೆ ಗೇಟು ತೆಗೆಯುವವರು ಯಾರು? ಮೂರನೆಯವನು ತನ್ನ ತಳ್ಳುಗಾಡಿ ಬಿಟ್ಟು ಒಳಗೆ ಹೋಗಲಾರ. ಬೆಳಗ್ಗೆ ಎದ್ದಾಗ ಗಾಡಿ ಇಲ್ಲ ಅಂದರೆ ಅವನ ಅನ್ನವೇ ಹೋಯಿತು.

ನಾಲ್ಕನೆಯವರು ಸುಮಾರು ಎಪ್ಪತ್ತು ವರ್ಷದ ಅಜ್ಜ. ಅವರು ಮಾತೇ ಆಡಲಿಲ್ಲ. ಕಂಬಳಿ ಮುಖದ ಮೇಲೆ ಎಳೆದುಕೊಂಡರು. ಭಿಕ್ಷುಕರನ್ನು ಹಿಡಿಯುವ ಗಾಡಿಯವರು ಬಂದಿದ್ದಾರೆ ಎಂದುಕೊಂಡರಂತೆ. ಹಮಾಲಿ ಆಮೇಲೆ ಹೇಳಿದ.

ಈ ಅಜ್ಜನ ಭಯ ಸುಳ್ಳಲ್ಲ, ಮೇಷ್ಟ್ರೇ. ನಮ್ಮಲ್ಲಿ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇಡಬಹುದು. ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿರುವುದು ಅಂಥ ದೊಡ್ಡ ಕೇಂದ್ರ. 2010ರ ಆಗಸ್ಟಿನಲ್ಲಿ ಅಲ್ಲಿ ಸಾಲುಸಾಲಾಗಿ ಜನ ಸತ್ತ ಸುದ್ದಿ ನಿಮಗೂ ನೆನಪಿರಬಹುದು. ಅದು ಬೇರೆ, ಪಾಲಿಕೆಯ ವಸತಿರಹಿತರ ಕೇಂದ್ರ ಬೇರೆ. ಒಂದು ಹಿಡಿದು ತಂದು ಇಡುವ ಜಾಗ, ಇನ್ನೊಂದು ತಾನಾಗಿ ಬಂದು ಮಲಗಿ ಎದ್ದು ಹೋಗುವ ಜಾಗ. ಆದರೆ ರಸ್ತೆಯಲ್ಲಿ ಮಲಗಿದವರಿಗೆ ಎರಡೂ ಸರ್ಕಾರದ ಗೇಟೇ. ಟಾರ್ಚ್ ಹಿಡಿದು ಬಂದವರು ಯಾವ ಗೇಟಿನವರು ಎಂದು ಅವರು ಹೇಗೆ ಗುರುತಿಸಬೇಕು?

ಈಗ ನಿಮ್ಮ ಕಂದಾಯದ ಮಾತು. ಆಸ್ತಿ ತೆರಿಗೆ ರಸೀದಿ ಕೈಗೆ ಸಿಕ್ಕರೆ ಒಮ್ಮೆ ಬಿಡಿಸಿ ನೋಡಿ. ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಅದರ ಜೊತೆಗೆ ಭಿಕ್ಷುಕರ ಕರ ಎಂದು ಶೇ 3 ಇರುತ್ತದೆ. ಐದು ಸಾವಿರ ತೆರಿಗೆ ಕಟ್ಟಿದರೆ ಇದಕ್ಕೆ ನೂರೈವತ್ತು ರೂಪಾಯಿ. ನೀವು ವರ್ಷಗಟ್ಟಲೆ ಕಟ್ಟುತ್ತಲೇ ಬಂದಿದ್ದೀರಿ, ಗಮನಿಸಿರಲಿಕ್ಕಿಲ್ಲ. ಸ್ವಾರಸ್ಯ ಏನೆಂದರೆ ಈ ದುಡ್ಡು ನಿಮ್ಮ ಬೈಪಾಸ್ ಕೇಂದ್ರಕ್ಕೆ ಬರುವುದಿಲ್ಲ. ಪಾಲಿಕೆ ಇದನ್ನು ವಸೂಲಿ ಮಾಡಿ, ಹಿಡಿದು ತಂದು ಇಡುವ ಕೇಂದ್ರಗಳನ್ನು ನಡೆಸುವ ಸಮಿತಿಗೆ ಕಳಿಸಬೇಕು. ತಾನಾಗಿ ಬಂದು ಮಲಗುವವರ ಕೇಂದ್ರಕ್ಕೆ ಅಂತ ನಿಮ್ಮ ರಸೀದಿಯಲ್ಲಿ ಒಂದು ಸಾಲೂ ಇಲ್ಲ.

ಹಾಗಾದರೆ ಅದು ನಡೆಯುವುದು ಹೇಗೆ? 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ನಗರದ ವಸತಿರಹಿತರಿಗೆ ಆಶ್ರಯ ಎಂಬ ಯೋಜನೆ ಸೇರಿತ್ತು. ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಸೇರಿ ದುಡ್ಡು ಕೊಡುವ ವ್ಯವಸ್ಥೆ. ಆಗಿನ ಲೆಕ್ಕದಲ್ಲಿ ಐವತ್ತು ಜನರ ಕೇಂದ್ರ ನಡೆಸಲು ವರ್ಷಕ್ಕೆ 6 ಲಕ್ಷ ರೂಪಾಯಿ. ಪೆನ್ಸಿಲ್ ತಗೊಳ್ಳಿ ಮೇಷ್ಟ್ರೇ. ಆರು ಲಕ್ಷವನ್ನು ಐವತ್ತರಿಂದ ಭಾಗಿಸಿ, ಅದನ್ನು 365ರಿಂದ ಭಾಗಿಸಿ. ತಲೆಗೆ ದಿನಕ್ಕೆ 32 ರೂಪಾಯಿ ಚಿಲ್ಲರೆ. ಈಗ ಮೂರು ಪಾಳಿಗೆ ಮೂವರು ನೋಡಿಕೊಳ್ಳುವವರು ಬೇಕು. ತಿಂಗಳಿಗೆ ಹನ್ನೆರಡು ಸಾವಿರ ಕೊಡುತ್ತೀರಿ ಎಂದಿಟ್ಟುಕೊಳ್ಳಿ. ಸಂಬಳಕ್ಕೇ 4.32 ಲಕ್ಷ ಹೋಯಿತು. ಉಳಿದ 1.68 ಲಕ್ಷದಲ್ಲಿ ಕರೆಂಟು, ನೀರು, ಫಿನಾಯಿಲು, ಬೆಡ್‌ಶೀಟು, ಸೋಪು, ಕೆಟ್ಟ ನಲ್ಲಿ ರಿಪೇರಿ ಎಲ್ಲ ಆಗಬೇಕು. ಅದೂ ಐದು ವರ್ಷ ಮಾತ್ರ. ಆಮೇಲೆ ಪಾಲಿಕೆ ತಾನೇ ದುಡ್ಡು ಹುಡುಕಿಕೊಳ್ಳಬೇಕು. ಮೂವರ ಜಾಗದಲ್ಲಿ ಒಬ್ಬನೇ ಉಳಿದು, ಅವನೂ ಒಂಬತ್ತಕ್ಕೆ ಬೀಗ ಹಾಕಿ ಮಲಗಿದರೆ ನಾನು ಅವನನ್ನು ಬೈಯಲಾರೆ. ತಿಗಣೆ ಕಾಟಕ್ಕೆ ಹೊರಗೆ ಮಲಗುವವರನ್ನೂ ಬೈಯಲಾರೆ.

ಇನ್ನು ಜಾಗ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ನೀವು ಸುಮ್ನೆ ಹೇಳಿ ಮುಂದೆ ಹೋದ ಎರಡು ಪದ: ಊರಾಚೆ ಬೈಪಾಸ್. ಅಲ್ಲಿ ಯಾರಿದ್ದಾರೆ ಮಲಗಲು? ಮನೆಯಿಲ್ಲದವರು ಮಲಗುವುದು ಕೆಲಸದ ಪಕ್ಕದಲ್ಲಿ. ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಎಪಿಎಂಸಿ ಯಾರ್ಡು, ತರಕಾರಿ ಮಾರುಕಟ್ಟೆ, ದೊಡ್ಡಾಸ್ಪತ್ರೆಯ ಗೇಟು. ದಿನಕ್ಕೆ ನಾನೂರು ಐನೂರು ದುಡಿಯುವವನು ಮಲಗಲು ಹೋಗಿಬರಲು ಅರವತ್ತು ರೂಪಾಯಿ ಆಟೋಗೆ ಕೊಡುತ್ತಾನೆಯೇ? ಇಂದಿರಾ ಕ್ಯಾಂಟೀನ್ ಶುರುವಾದಾಗ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ಅದನ್ನು ಬೈಪಾಸಿನಲ್ಲಿ ಇಟ್ಟಿದ್ದರೆ ಅಷ್ಟು ಜನ ಸಾಲು ನಿಲ್ಲುತ್ತಿದ್ದರಾ? ವಸತಿರಹಿತರ ಆಶ್ರಯ ಯೋಜನೆಯ ಮಾರ್ಗಸೂಚಿಯಲ್ಲೇ ಇದು ಇತ್ತು. ಕೇಂದ್ರ ಜನ ಮಲಗುವ, ದುಡಿಯುವ ಜಾಗದ ಹತ್ತಿರ ಇರಬೇಕು, ರೈಲು ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆ ಪಕ್ಕ ಇರಬೇಕು. ದಿನದ ಇಪ್ಪತ್ನಾಲ್ಕು ಗಂಟೆಯೂ ತೆರೆದಿರಬೇಕು. ತಲೆಗೆ ಕನಿಷ್ಠ 50 ಚದರ ಅಡಿ ಜಾಗ ಇರಬೇಕು. ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ಮಲಗುವಷ್ಟು ವ್ಯವಸ್ಥೆ ಬೇಕು. ನಿಮ್ಮ ಊರು ಮೂರು ಲಕ್ಷ ದಾಟಿದೆ. ಮುನ್ನೂರು ಬೇಕಾದ ಕಡೆ ಐವತ್ತಿದೆ, ಆ ಐವತ್ತೂ ತಪ್ಪು ಜಾಗದಲ್ಲಿದೆ. ಬೆಂಗಳೂರಿನವರು ನಮಗಿಂತ ಬುದ್ಧಿವಂತರು ಎಂದುಕೊಳ್ಳಬೇಡಿ. 2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆಯೇ 84 ಲಕ್ಷ. ಲಕ್ಷಕ್ಕೊಂದು ಎಂದರೂ 84 ಕೇಂದ್ರ ಬೇಕಿತ್ತು. ಯೋಜನೆ ಬಂದು ಹತ್ತು ವರ್ಷವಾದರೂ ಅವರು ಆ ಸಂಖ್ಯೆ ಮುಟ್ಟಲಿಲ್ಲ.

ಊರಾಚೆ ಯಾಕೆ ಕಟ್ಟಿದರು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಊರೊಳಗೆ ಕಟ್ಟಲು ಹೋದಾಗೆಲ್ಲ ಎಂಬತ್ತು ಮನೆಯವರ ಮನವಿ ಬರುತ್ತದೆ. ಕೌನ್ಸಿಲ್ ಸಭೆಯಲ್ಲಿ ವಾರ್ಡಿನ ಸದಸ್ಯರು ಎದ್ದು ನಿಲ್ಲುತ್ತಾರೆ. ಕಡತ ಮುಂದಿನ ಸಭೆಗೆ ಹೋಗುತ್ತದೆ. ಕೊನೆಗೆ ಯಾರೂ ವಿರೋಧಿಸದ ಜಾಗ ಹುಡುಕುತ್ತಾರೆ. ಯಾರೂ ವಿರೋಧಿಸದ ಜಾಗ ಅಂದರೆ ಯಾರೂ ಇಲ್ಲದ ಜಾಗ. ಅಲ್ಲಿ ಹಾಸಿಗೆ ಖಾಲಿ ಬೀಳುತ್ತದೆ. ಖಾಲಿ ಬಿದ್ದದ್ದನ್ನು ಸಂಜೆ ವಾಕಿಂಗ್ ಹೋದವರು ಎಣಿಸಿ, ಬೇಡಿಕೆಯೇ ಇಲ್ಲ ಎಂದು ಪತ್ರ ಬರೆಯುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಅಂದಹಾಗೆ ಸಂಜೆ ಹೊತ್ತು ಎಣಿಸಿದರೆ ಮಲಗಲು ಬರುವವರು ಸಿಗುವುದಿಲ್ಲ. 2011ರ ಜನಗಣತಿಯವರು ಮನೆಯಿಲ್ಲದವರನ್ನು ಎಣಿಸಿದ್ದು ಫೆಬ್ರವರಿ 28ರ ರಾತ್ರಿ, ಅವರು ಮಲಗುವ ಜಾಗಕ್ಕೇ ಹೋಗಿ. ಆಗ ಇಡೀ ದೇಶದಲ್ಲಿ 17.7 ಲಕ್ಷ, ಕರ್ನಾಟಕದಲ್ಲಿ 76 ಸಾವಿರಕ್ಕೂ ಮೇಲೆ ಲೆಕ್ಕ ಸಿಕ್ಕಿತು. ಒಂದು ರಾತ್ರಿಯಲ್ಲಿ ಕಣ್ಣಿಗೆ ಬಿದ್ದವರಷ್ಟೇ ಅದು.

ಪತ್ರ ಬರೆದು ಏನಾಗುತ್ತದೆ ಎಂದು ನನ್ನನ್ನು ಬಹಳ ಜನ ಕೇಳುತ್ತಾರೆ. ದೆಹಲಿಯ ಒಂದು ಪತ್ರದ ಕತೆ ಹೇಳುತ್ತೇನೆ. 2009ರ ಡಿಸೆಂಬರ್ ಚಳಿಯಲ್ಲಿ ಪೂಸಾ ರಸ್ತೆಯ ವೃತ್ತದಲ್ಲಿದ್ದ ತಾತ್ಕಾಲಿಕ ತಂಗುದಾಣವನ್ನು ಅಲ್ಲಿನ ಪಾಲಿಕೆ ಕೆಡವಿತು. ಚಳಿಗೆ ಜನ ಸತ್ತ ಸುದ್ದಿ ಬಂತು. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ್ದ ಆಯುಕ್ತರು ಜನವರಿಯಲ್ಲಿ ಕೋರ್ಟಿಗೆ ಒಂದು ಪತ್ರ ಬರೆದರು. ಅನ್ನದ ಕೇಸಿನಲ್ಲಿ ಸೂರಿನ ಮಾತು ಬಂದದ್ದು ಹಾಗೆ. ಹಸಿದವನು ಚಳಿಯಲ್ಲಿ ಮಲಗಿದರೆ ಬದುಕುವುದಿಲ್ಲ ಎಂಬುದು ಅವರ ವಾದ. ಅದೇ ತಿಂಗಳು ಕೋರ್ಟ್ ದೆಹಲಿಗೆ ಆದೇಶ ಕೊಟ್ಟಿತು, ಆಮೇಲೆ ಉಳಿದ ದೊಡ್ಡ ನಗರಗಳಿಗೂ ಕೇಳಿತು. ಲಕ್ಷಕ್ಕೆ ಒಂದು ಕೇಂದ್ರ ಎಂಬ ಲೆಕ್ಕ ಎಲ್ಲರ ಬಾಯಿಗೆ ಬಂದದ್ದು ಅಲ್ಲಿಂದಲೇ.

ಕುಡುಕರ ಕಾಟದ ಬಗ್ಗೆ ಹೇಳಿದ್ದೀರಿ. ಇರುವುದಿಲ್ಲ ಎಂದು ನಾನು ಹೇಳುವುದಿಲ್ಲ, ಇರುತ್ತದೆ. ಆದರೆ ಬಸ್ ಸ್ಟ್ಯಾಂಡಿನ ಹಿಂದೆ ಅವರು ಈಗಾಗಲೇ ಇದ್ದಾರಲ್ಲ? ಕೇಂದ್ರ ತೆರೆದ ಮೇಲೆ ಎಲ್ಲಿಂದಲೋ ಬಂದು ಇಳಿಯುವವರಲ್ಲ ಅವರು. ಇವತ್ತು ರಾತ್ರಿಯೂ ನಿಮ್ಮ ಬೀದಿಯ ಅಂಗಡಿ ಜಗಲಿಯಲ್ಲೇ ಇರುತ್ತಾರೆ. ಬೆಳಗ್ಗೆ ಅವರಿಗೆ ಕಕ್ಕಸು ಇಲ್ಲ, ನಿಮ್ಮ ಕಾಂಪೌಂಡ್ ಗೋಡೆ ಇದೆ. ಹೆಂಗಸರಿಗೆ ಗೋಡೆಯೂ ಇಲ್ಲ. ಬೀದಿಯಲ್ಲಿ ಮಲಗುವ ಹೆಂಗಸರು ರಾತ್ರಿ ನಿದ್ದೆ ಮಾಡುವುದೇ ಕಡಿಮೆ ಎಂದು ನಮ್ಮ ವರದಿಗಾರನಿಗೆ ಒಬ್ಬಾಕೆ ಹೇಳಿದ್ದಳು. ಹಗಲು ದೇವಸ್ಥಾನದ ಹತ್ತಿರ ಕೂತು ತೂಕಡಿಸುತ್ತಾಳಂತೆ. ಅದನ್ನು ನೋಡಿದವರು ಸೋಮಾರಿ ಅನ್ನುತ್ತಾರಂತೆ.

ನಾನೂ ಒಮ್ಮೆ ಹೀಗೆ ಮಲಗಿದ್ದೇನೆ. ಇಪ್ಪತ್ತೆರಡು ವಯಸ್ಸು, ಕೊನೇ ಬಸ್ ತಪ್ಪಿತ್ತು. ಚಪ್ಪಲಿ ಚೀಲದೊಳಗೆ ಹಾಕಿ, ಚೀಲ ತಲೆಗಿಟ್ಟುಕೊಂಡು ಬಸ್ ನಿಲ್ದಾಣದ ಬೆಂಚಿನ ಕೆಳಗೆ ಮಲಗಿದೆ. ಎರಡು ಗಂಟೆಗೆ ಲಾಠಿ ನೆಲಕ್ಕೆ ಬಡಿದ ಸದ್ದು. ಎದ್ದು ಓಡಿದೆ. ಒಂದೇ ರಾತ್ರಿ. ಬೆಳಗ್ಗೆ ಮನೆಗೆ ಹೋಗಿ ಬಿಸಿನೀರು ಹಾಕಿಕೊಂಡೆ. ಇದನ್ನು ದೊಡ್ಡ ಅನುಭವ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆ ಲಾಠಿ ಸದ್ದು ಮರೆತಿಲ್ಲ.

ದಾರಿಹೋಕರಿಗೆ ಊರ ನಡುವೆ ಸೂರು ಕೊಡುವುದು ನಮಗೆ ಹೊಸದೇನೂ ಅಲ್ಲ. ಗುಬ್ಬಿ ತೋಟದಪ್ಪನವರು 1903ರಲ್ಲಿ ಬೆಂಗಳೂರಿನಲ್ಲಿ ಛತ್ರ ಕಟ್ಟಿಸಿದ್ದು ಊರಾಚೆ ಅಲ್ಲ, ರೈಲ್ವೆ ಸ್ಟೇಷನ್ ಎದುರಿಗೇ. ಇಳಿದವನು ಮೂಟೆ ಹೊತ್ತು ನಡೆದು ಬರಬೇಕಲ್ಲ, ಅದು ಅವರಿಗೆ ಗೊತ್ತಿತ್ತು. 2020ರ ಲಾಕ್‌ಡೌನ್‌ನಲ್ಲಿ ಮೈಸೂರಿನ ಬೀದಿಯಲ್ಲಿದ್ದವರಿಗೆ ಜಾಗ ಕೊಟ್ಟದ್ದೂ ಊರ ನಡುವಿನ ನಂಜರಾಜ ಬಹದ್ದೂರ್ ಛತ್ರವೇ. ಕೆಲವೇ ದಿನದಲ್ಲಿ ಜಾಗ ಸಿಕ್ಕಿತು. ನಮಗೂ ಸೋಂಕು ಬಂದೀತು ಎಂಬ ಭಯವಿತ್ತು, ಅದಕ್ಕೇ ಅಷ್ಟು ಬೇಗ ಸಿಕ್ಕಿತು ಎಂದು ನನ್ನ ಗುಮಾನಿ.

ನಿಮ್ಮ ಮನವಿ ಓದಿದೆ. ಕೊಡಬೇಡಿ ಎಂದು ನಾನು ಹೇಳುವುದಿಲ್ಲ. ಎಂಬತ್ತು ಸಹಿ ಅಂದರೆ ಪಾಲಿಕೆಯಲ್ಲಿ ಅದಕ್ಕೆ ತೂಕ ಇದೆ. ಒಂದನ್ನು ಮಾತ್ರ ಬದಲಿಸಿ ನೋಡಿ. "ಕೇಂದ್ರ ಬೇಡ" ಎಂಬಲ್ಲಿ ಕೇಂದ್ರ ಹೇಗಿರಬೇಕು ಎಂದು ಬರೆಯಿರಿ. ರಾತ್ರಿಯಿಡೀ ಬಾಗಿಲು ತೆರೆದಿರಲಿ, ಮೂರು ಪಾಳಿಗೂ ಜನ ಇರಲಿ. ಹೆಂಗಸರಿಗೆ ಬೇರೆ ಕಟ್ಟಡ, ಇಲ್ಲವೇ ಬೇರೆ ಬಾಗಿಲು. ತಳ್ಳುಗಾಡಿ ನಿಲ್ಲಿಸಲು ಬೀಗದ ಶೆಡ್ಡು. ಆಧಾರ್ ಇಲ್ಲ ಎಂದು ಯಾರನ್ನೂ ವಾಪಸ್ ಕಳಿಸಬೇಡಿ, ಒಳಗೆ ಬಂದ ಮೇಲೆ ಮಾಡಿಸಿಕೊಡಿ. ಗುರುತಿನ ಚೀಟಿ ಮಾಡಿಸಲು ನೆರವಾಗುವುದು ಈ ಕೇಂದ್ರಗಳ ಕೆಲಸ ಎಂದೇ ಆ ಮಾರ್ಗಸೂಚಿ ಹೇಳಿತ್ತು. ಕೇಂದ್ರ ನೋಡಿಕೊಳ್ಳುವ ಸಮಿತಿಯಲ್ಲಿ ನಿಮ್ಮ ಬಡಾವಣೆಯ ಇಬ್ಬರನ್ನು ಸೇರಿಸಿ ಎಂದೂ ಕೇಳಿ. ಕುಡಿದು ಗಲಾಟೆ ಆದರೆ ಕೇಳಲು ಆಗ ನಿಮಗೆ ಜಾಗ ಇರುತ್ತದೆ. ದುಡ್ಡೆಲ್ಲಿ ಅಂದರೆ, ಬಡವರಿಗೆಂದು ಪಾಲಿಕೆಗಳು ತೆಗೆದಿಡುವ ಶೇ 7.25ರ ನಿಧಿಯಲ್ಲಿ ಎಷ್ಟು ಖರ್ಚಾಗಿದೆ, ಎಷ್ಟು ಹಾಗೇ ಉಳಿದಿದೆ ಎಂದು ಲೆಕ್ಕ ಕೇಳಿ. ಕೌನ್ಸಿಲ್ ಅವಧಿ ಮುಗಿದು ಆಡಳಿತಾಧಿಕಾರಿ ಕೂತಿದ್ದರೆ ಮನವಿಯನ್ನು ಅವರಿಗೇ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದು ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಜನ ಹೋಗಿ ಅಧಿಕಾರಿಗಳ ಬಾಗಿಲಲ್ಲೇ ನಿಂತರು.

ಇನ್ನೊಂದು ಸಲ ಎಣಿಸಲು ಹೋಗುವುದಾದರೆ ರಾತ್ರಿ ಹನ್ನೊಂದರ ಮೇಲೆ ಹೋಗಿ, ಬೈಪಾಸಿಗಲ್ಲ, ಬಸ್ ಸ್ಟ್ಯಾಂಡಿಗೆ. ಟಾರ್ಚ್ ಬೇಡ. ಸಂಖ್ಯೆ ನಮಗೆ ಬರೆದು ಕಳಿಸಿ, ಹನ್ನೆರಡೇ ಇದ್ದರೂ ಅಚ್ಚು ಹಾಕುತ್ತೇನೆ.

ಪತ್ರಿಕೆ ತಡವಾಗುತ್ತಿದ್ದುದಕ್ಕೆ ಕ್ಷಮಿಸಿ. ನಮ್ಮ ಚಂದಾದಾರರ ಪಟ್ಟಿಯಲ್ಲಿ ನಿಮ್ಮ ಪಿನ್‌ಕೋಡಿನ ಕೊನೆಯ ಎರಡು ಅಂಕಿ ಅದಲುಬದಲಾಗಿತ್ತು. ಈ ಸಂಚಿಕೆಯಿಂದ ಸರಿ ಮಾಡಿದ್ದೇವೆ.