ಮೊದಲು ಆ ಬಲಗಿವಿಯ ವಿಚಾರ

ಸಾಗರದಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ವಯಸ್ಸು 41, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಹನ್ನೊಂದು ವರ್ಷದ ಹಿಂದೆ ಗೆಳೆಯರು ಸೇರಿ ಕಟ್ಟಿದ ಆರ್ಕೆಸ್ಟ್ರಾಕ್ಕೆ ಇವರೇ ಮುಖ್ಯ ಗಾಯಕ. ಕೀಬೋರ್ಡ್, ಗಿಟಾರ್, ರಿದಮ್ ಪ್ಯಾಡ್, ಢೋಲಕ್, ಡ್ರಮ್ಸ್, ಒಬ್ಬರು ಗಾಯಕಿ, ಎಲ್ಲ ಸೇರಿ ಏಳು ಜನ. ಯಾರಿಗೂ ಇದು ಹೊಟ್ಟೆಪಾಡಲ್ಲ. ಗಣಪತಿ, ರಾಜ್ಯೋತ್ಸವ, ಆರತಕ್ಷತೆ ಅಂತ ವರ್ಷಕ್ಕೆ ಹದಿನೈದು ಇಪ್ಪತ್ತು ಕಾರ್ಯಕ್ರಮ. ಬಂದ ದುಡ್ಡು ವ್ಯಾನ್ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ. ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವೇದಿಕೆಯಲ್ಲಿ ಒಮ್ಮೆ ಹಾಡಬೇಕು ಅನ್ನುವುದೊಂದೇ ದೊಡ್ಡ ಆಸೆ.

ಎರಡು ವರ್ಷದಿಂದ ಇವರಿಗೆ ವೇದಿಕೆ ಮೇಲೆ ಶ್ರುತಿ ನಿಲ್ಲುತ್ತಿಲ್ಲ. ಮನೆಯಲ್ಲಿ ತಂಬೂರಿ ಆ್ಯಪ್ ಹಾಕಿಕೊಂಡು ಹಾಡಿದರೆ ಸರಿ ಇರುತ್ತದೆ. ಕಾರ್ಯಕ್ರಮದ ದಿನ ಮಾತ್ರ ಎರಡನೇ ಚರಣ ಬರುವಷ್ಟರಲ್ಲಿ ಜಾರುತ್ತದೆ. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೊ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಬಂತು. ಗಿಟಾರ್ ನುಡಿಸುವ ಚಿಕ್ಕಪ್ಪನ ಮಗ ಅದರ ಕೆಳಗೆ ‘ಅಣ್ಣಂಗೆ ಇನ್ನು ರೆಸ್ಟ್ ಕೊಡಣ’ ಅಂತ ಬರೆದ. ಈ ಸಲದ ಗಣಪತಿಗೆ ಹತ್ತೊಂಬತ್ತರ ಹುಡುಗನೊಬ್ಬನಿಗೆ ಮುಖ್ಯ ಹಾಡುಗಳನ್ನು ಕೊಡುವ ಮಾತಾಗಿದೆಯಂತೆ. ‘ಬಿಟ್ಟರೆ ಗೆಳೆತನ ಹೋಗುತ್ತೆ, ಇದ್ದರೆ ಮಾನ ಹೋಗುತ್ತೆ. ನಾನು ಏನು ಮಾಡಲಿ?’ ಇದು ಅವರ ಪ್ರಶ್ನೆ.

ಪತ್ರದ ಮೂರೂವರೆ ಪುಟ ಮಾನ ಅವಮಾನದ ಮಾತೇ ಇದೆ. ಕೊನೆಗೆ, ಸಹಿ ಹಾಕುವ ಮುಂಚೆ, ಎರಡು ಸಾಲು: ‘ಕಾರ್ಯಕ್ರಮ ಆದ ಮೇಲೆ ಎರಡು ದಿನ ಬಲಗಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಆಗುತ್ತೆ, ಅದು ಎಲ್ಲರಿಗೂ ಇದ್ದದ್ದೇ ಬಿಡಿ. ಫ್ಯಾನ್ ಹಾಕ್ಕೊಂಡು ಮಲಗಿದರೆ ಗೊತ್ತಾಗಲ್ಲ.’

ಸ್ವಾಮಿ, ಅದು ಎಲ್ಲರಿಗೂ ಇದ್ದದ್ದಲ್ಲ. ಮಲೆನಾಡಿನವರಿಗೆ ಜೀರುಂಡೆ ಸದ್ದು ಹೊಸದಲ್ಲ ನಿಜ, ಆದರೆ ಕಿಟಕಿ ಮುಚ್ಚಿದ ಮೇಲೂ ನಿಲ್ಲದ ಜೀರುಂಡೆ ಕಿವಿಯೊಳಗಿನದು. ಅದಕ್ಕೆ ಕಿವಿಮೊರೆತ ಅನ್ನುತ್ತಾರೆ. ಒಳಗಿವಿಯಲ್ಲಿ ಶಂಖದ ಸುರುಳಿಯಂಥ ಒಂದು ಭಾಗವಿದೆ. ಅದರೊಳಗಿನ ಸಾವಿರಾರು ಸೂಕ್ಷ್ಮ ರೋಮಕೋಶಗಳು ಶಬ್ದವನ್ನು ನರಕ್ಕೆ ದಾಟಿಸುತ್ತವೆ. ವಿಪರೀತ ಗದ್ದಲದಲ್ಲಿ ಅವು ಬಳಲುತ್ತವೆ, ಒಂದೆರಡು ದಿನದಲ್ಲಿ ಚೇತರಿಸಿಕೊಂಡಂತೆ ಕಾಣುತ್ತವೆ. ಮತ್ತೆ ಮತ್ತೆ ಹೀಗಾದರೆ ಸಾಯುತ್ತವೆ. ಮನುಷ್ಯರಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ, ಅದಕ್ಕೆ ಇವತ್ತಿಗೂ ಮಾತ್ರೆಯಿಲ್ಲ. ನೀವು ವಾಟ್ಸ್ಆ್ಯಪ್ ಮಾತಿಗೆ ಮೂರೂವರೆ ಪುಟ ಕೊಟ್ಟು ಕಿವಿಗೆ ಎರಡೇ ಸಾಲು ಕೊಟ್ಟಿದ್ದೀರಿ.

ಎರಡನೇ ಪುಟದಲ್ಲಿ ಇನ್ನೊಂದು ಮಾತಿದೆ, ‘ಟಿ.ವಿ. ಜೋರಾಗಿಡ್ತೀರಿ ಅಂತ ಮಗಳು ಬೈತಾಳೆ.’ ನೀವು ಅದನ್ನು ಮನೆಯವರ ಅಸಹನೆಯ ಪಟ್ಟಿಗೆ ಸೇರಿಸಿದ್ದೀರಿ. ಗದ್ದಲದಿಂದ ಕಿವಿ ಕೆಟ್ಟಾಗ ಮೊದಲು ಹೋಗುವುದು 3,000ದಿಂದ 6,000 ಹರ್ಟ್ಸ್ (ಸ್ವರದ ಎತ್ತರದ ಅಳತೆ ಇದು) ನಡುವಿನ ಕೇಳ್ಮೆ, ಹೆಚ್ಚಾಗಿ 4,000ದ ಹತ್ತಿರ. ಸ, ಶ, ಫ ಅಕ್ಷರಗಳ ಸ್ಪಷ್ಟತೆ ಇರುವುದು ಅಲ್ಲೇ. ಆಗ ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ಮಕ್ಕಳ ಮಾತು, ಹೆಂಗಸರ ಮಾತು ಹಿಡಿಯುವುದು ಇನ್ನೂ ಕಷ್ಟ. ಟಿ.ವಿ. ಜೋರಾಗುವುದು ಹೀಗೆ. ನಿಮ್ಮ ಮಗಳು ಬೈಯುತ್ತಿಲ್ಲ, ರೋಗಲಕ್ಷಣ ಹೇಳುತ್ತಿದ್ದಾಳೆ.

ಹಾಗಾದರೆ ಶ್ರುತಿ ಹೋಗಿದ್ದು ಕಿವಿ ಕೆಟ್ಟಿದ್ದಕ್ಕಾ? ಅಲ್ಲ ಅಂತಲೇ ನನಗೆ ಅನಿಸುತ್ತದೆ. ಪಿಯಾನೊದ ಕಟ್ಟಕಡೆಯ ಬಲಮನೆ ಸುಮಾರು 4,186 ಹರ್ಟ್ಸ್. ಗಂಡಸಿನ ಕಂಠದ ಸ್ವರವೆಲ್ಲ ಅದಕ್ಕಿಂತ ಎಷ್ಟೋ ಕೆಳಗೆ. 4,000ದ ಆ ಜಾಗ ಕೆಟ್ಟಿದ್ದರೂ ತಂಬೂರಿಗೆ ಸೇರಿಸಿ ಹಾಡುವುದಕ್ಕೆ ತೊಂದರೆಯಿಲ್ಲ, ಮನೆಯಲ್ಲಿ ನೀವು ಸೇರಿಸುತ್ತಲೂ ಇದ್ದೀರಿ. ವೇದಿಕೆಯ ಮೇಲೆ ಜಾರುವುದಕ್ಕೆ ಕಾರಣ ನಿಮ್ಮ ದನಿ ನಿಮಗೆ ಕೇಳದಿರುವುದು. ‘ಮಾನಿಟರ್ ಇಡಲ್ಲ, ಕೂಗತ್ತೆ ಅಂತಾರೆ ಸೌಂಡ್ಸಿನವರು’ ಅಂತ ನೀವೇ ಬರೆದಿದ್ದೀರಿ. ಮಾನಿಟರ್ ಅಂದರೆ ಹಾಡುವವರಿಗೆ ತಮ್ಮ ದನಿ ಕೇಳಲೆಂದು ಅವರ ಕಡೆ ತಿರುಗಿಸಿಟ್ಟ ಸ್ಪೀಕರ್, ಅದರ ಸದ್ದು ಮತ್ತೆ ಮೈಕಿಗೆ ಹೊಕ್ಕು ಕುಂಯ್ ಅನ್ನುವುದೇ ಕೂಗು. ಸುತ್ತ ಗದ್ದಲವಿದ್ದಾಗ ಮನುಷ್ಯ ತಿಳಿಯದೆಯೇ ದನಿ ಏರಿಸುತ್ತಾನೆ. ಇದನ್ನು 1911ರಲ್ಲೇ ಲೊಂಬಾರ್ ಎಂಬ ಫ್ರೆಂಚ್ ವೈದ್ಯರು ತೋರಿಸಿಕೊಟ್ಟರು. ಏರಿಸಿ ಕೂಗಿದಾಗ ಶ್ರುತಿ ಮೇಲೆ ಹೋಗುತ್ತದೆ, ಗಂಟಲು ದಣಿದ ಮೇಲೆ ಕೆಳಗೆ ಇಳಿಯುತ್ತದೆ. ನಿಮ್ಮ ಎರಡನೇ ಚರಣದ ಕಥೆ ಇಷ್ಟೇ. ಶ್ರುತಿ ಹಾಳು ಮಾಡಿದ್ದೂ ಕಿವಿ ಹಾಳು ಮಾಡುತ್ತಿರುವುದೂ ಒಂದೇ ಗದ್ದಲ.

ಆ ಗದ್ದಲ ಎಲ್ಲಿಂದ ಅನ್ನುವುದಕ್ಕೆ ನೀವು ಬರೆದು ಕಳಿಸಿದ ವೇದಿಕೆಯ ನಕ್ಷೆಯೇ ಸಾಕು. ಡ್ರಮ್ಸ್ ನಿಮ್ಮ ಹಿಂದೆ, ನಾಲ್ಕು ಅಡಿಯಲ್ಲಿ. ಕೀಬೋರ್ಡಿನವರು ನಿಮ್ಮ ಬಲಕ್ಕೆ. ಪಲ್ಲವಿ ಎತ್ತುವಾಗಲೆಲ್ಲ ನೀವು ಅವರ ಕಡೆ ತಿರುಗುತ್ತೀರಿ, ಆಗ ಬಲಗಿವಿ ನೇರ ಹಿಂದಿನ ಸಿಂಬಲ್ಲಿಗೆ, ಅಂದರೆ ಡ್ರಮ್ಸಿನ ಲೋಹದ ತಟ್ಟೆಗೆ, ಮುಖ ಮಾಡುತ್ತದೆ. ಸಿಂಬಲ್ ನಿಂತಿರುವುದೂ ಕಿವಿಯ ಎತ್ತರಕ್ಕೇ.

ಇನ್ನು ನಿಮ್ಮ ತಮ್ಮನ ಗಿಟಾರ್ ಆಂಪ್ಲಿಫೈಯರ್. ಅದನ್ನು ಡ್ರಮ್ಸಿನ ಪಕ್ಕ ನೆಲದ ಮೇಲಿಟ್ಟು ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಾನೆ. ಸ್ಪೀಕರಿನ ತೀಕ್ಷ್ಣ ಸ್ವರಗಳು ಟಾರ್ಚಿನ ಬೆಳಕಿನ ಹಾಗೆ ನೇರ ಹೋಗುತ್ತವೆ, ಅವನ ಮೀನಖಂಡಕ್ಕೆ ಬಡಿದು ಮುಂದೆ ಸಾಗುತ್ತವೆ. ಮೂರು ಅಡಿ ದೂರದಲ್ಲಿ ನಿಂತ ಅವನ ಕಿವಿಗೆ ಮಂಕಾಗಿ ಕೇಳುತ್ತದೆ. ಅವನು ಏರಿಸುತ್ತಾನೆ. ಎಂಟು ಅಡಿ ದೂರದಲ್ಲಿರುವ ನಿಮಗೆ ಅದು ಚೂರಿಯ ಹಾಗೆ ಬರುತ್ತದೆ. ಅವನು ಏರಿಸಿದ್ದಕ್ಕೆ ಡ್ರಮ್ಸಿನವರು ಜೋರಾಗಿ ಬಾರಿಸುತ್ತಾರೆ, ಕೀಬೋರ್ಡ್ ಏರುತ್ತದೆ, ಕೊನೆಗೆ ಮುಳುಗುವುದು ಹಾಡುವವರು. ಆ ತಮ್ಮನ ಮೇಲೆ ನನಗೆ ಸ್ವಲ್ಪವೂ ಕನಿಕರ ಇಲ್ಲ. ತನ್ನ ಪೆಟ್ಟಿಗೆಯನ್ನು ಒಂದು ಕುರ್ಚಿ ಮೇಲಿಟ್ಟು ತನ್ನ ಕಿವಿಗೇ ವಾಲಿಸಿಕೊಂಡಿದ್ದರೆ ಅರ್ಧ ವಾಲ್ಯೂಮ್ ಸಾಕಿತ್ತು. ಅದನ್ನು ಮಾಡದೆ ಅಣ್ಣನಿಗೆ ರೆಸ್ಟ್ ಕೊಡುವ ಮಾತು ಬರೆದ, ಅದೂ ಹೆಂಡತಿ ಮಕ್ಕಳೆಲ್ಲ ಓದುವ ಗುಂಪಿನಲ್ಲಿ.

ಕೆಲಸದ ಜಾಗದ ಗದ್ದಲಕ್ಕೆ ಒಂದು ಲೆಕ್ಕವಿದೆ. 85 ಡೆಸಿಬೆಲ್ ಇದ್ದರೆ ದಿನಕ್ಕೆ ಎಂಟು ಗಂಟೆ ತಾಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ: 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಬರೀ ಹದಿನೈದು ನಿಮಿಷ. ಡ್ರಮ್ಸ್ ಪಕ್ಕ 100 ದಾಟುವುದು ದೊಡ್ಡ ಮಾತಲ್ಲ. ನೀವು ಅಲ್ಲಿ ಎರಡೂವರೆ ಗಂಟೆ ನಿಲ್ಲುತ್ತೀರಿ. ಅಭ್ಯಾಸ ತಗಡಿನ ಶೆಡ್ಡಿನಲ್ಲಂತೆ. ತಗಡು ಶಬ್ದವನ್ನು ಹೀರುವುದಿಲ್ಲ, ಅಷ್ಟನ್ನೂ ನಿಮ್ಮ ಮೇಲೇ ಎಸೆಯುತ್ತದೆ. ಮಳೆ ಬಂದರೆ ಅದರ ಸದ್ದನ್ನು ಮೀರಲು ಇನ್ನಷ್ಟು ಏರಿಸುತ್ತೀರಿ. ಒಂದು ಮಾರು ದೂರದಲ್ಲಿರುವವರ ಹತ್ತಿರ ಕೂಗಿ ಮಾತಾಡಬೇಕಾಗಿ ಬಂದರೆ ಆ ಜಾಗದ ಗದ್ದಲ ಕಿವಿಗೆ ಕೆಟ್ಟದ್ದು ಅಂತ ತಿಳಿಯಿರಿ.

ಮಾನಿಟರ್ ಯಾಕೆ ಕೂಗುತ್ತದೆ ಅನ್ನುವುದಕ್ಕೂ ಉತ್ತರ ನಿಮ್ಮ ಪತ್ರದಲ್ಲೇ ಸಿಕ್ಕಿತು. ಎರಡು ವರ್ಷದ ಹಿಂದೆ ಗಣಪತಿ ಪೆಂಡಾಲಿನಲ್ಲಿ ಮೈಕ್ ತುಟಿಗೆ ತಾಗಿ ಜುಂ ಅಂದಿತು, ಅವತ್ತಿಂದ ನಾಲ್ಕು ಅಂಗುಲ ದೂರ ಹಿಡಿಯುತ್ತೇನೆ ಅಂದಿದ್ದೀರಿ. ದೇವರ ಮುಂದೆ ಚಪ್ಪಲಿ ಹಾಕುವ ಹಾಗಿಲ್ಲ, ಭಾದ್ರಪದದ ಮಳೆಗೆ ಜಮಖಾನ ಒದ್ದೆ, ಬರಿಗಾಲು, ಎಕ್ಸ್‌ಟೆನ್ಷನ್ ಬೋರ್ಡಿಗೆ ಅರ್ಥಿಂಗ್ ಇಲ್ಲ. ಜೀವ ಹೋಗುವಂಥ ವಿಷಯ ಅದು. ಮಿಕ್ಸರ್, ಕೀಬೋರ್ಡ್, ಆಂಪ್ಲಿಫೈಯರ್ ಎಲ್ಲವೂ ಅರ್ಥಿಂಗ್ ಇರುವ ಒಂದೇ ಲೈನಿನಿಂದ ಬರಬೇಕು, ಆ ಲೈನಿಗೆ ಕರೆಂಟ್ ಸೋರಿದ ತಕ್ಷಣ ಕಡಿದುಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಬೇಕು, ಮೂರು ಪಿನ್ನಿನ ಪ್ಲಗ್ಗಿನಲ್ಲಿ ಒಂದನ್ನು ಯಾರೂ ಕೀಳಬಾರದು, ಕಾಲಡಿ ಒಣಗಿದ ರಬ್ಬರ್ ಮ್ಯಾಟ್ ಬೇಕು. ಎಲೆಕ್ಟ್ರಿಷಿಯನ್ ಟೆಸ್ಟರ್ ಹಿಡಿದು ನೋಡುವ ತನಕ ಮೈಕ್ ಮುಟ್ಟಬೇಡಿ.

ಈಗ ಮೈಕಿನ ದೂರ. ದೂರ ಎರಡರಷ್ಟಾದರೆ ಮೈಕಿಗೆ ತಲುಪುವ ದನಿ 6 ಡೆಸಿಬೆಲ್ ಇಳಿಯುತ್ತದೆ. ಒಂದು ಅಂಗುಲದಿಂದ ನಾಲ್ಕಕ್ಕೆ ಹೋದರೆ 12. ಅದನ್ನು ತುಂಬಲು ಸೌಂಡ್ಸಿನವರು ಗೇಯ್ನ್, ಅಂದರೆ ಮೈಕಿನ ದನಿ ಹಿಗ್ಗಿಸುವ ಗುಂಡಿ, ಏರಿಸುತ್ತಾರೆ, ಮೈಕ್ ನಿಮ್ಮ ದನಿಯ ಜೊತೆ ಸಿಂಬಲ್ಲನ್ನೂ ಎಳೆದುಕೊಳ್ಳುತ್ತದೆ, ಮಾನಿಟರ್ ಆನ್ ಮಾಡಿದ ತಕ್ಷಣ ಕೂಗುತ್ತದೆ. ಕರೆಂಟಿನ ಭಯ ಹೋಗಿ ಮೈಕ್ ತುಟಿಯ ಹತ್ತಿರ ಬಂದರೆ ಕೂಗು ಬಹುಪಾಲು ನಿಲ್ಲುತ್ತದೆ. ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯಬೇಡಿ, ಮುಚ್ಚಿದರೆ ಅದು ಎಲ್ಲ ಕಡೆಯಿಂದಲೂ ಕೇಳಿಸಿಕೊಳ್ಳತೊಡಗುತ್ತದೆ. ಶೂರ್ ಎಸ್‌ಎಂ58 ಥರದ ಮೈಕ್ ಹಿಂಬದಿಯಿಂದ ಬರುವ ಶಬ್ದವನ್ನು ಬಿಡುತ್ತದೆ. ಆದ್ದರಿಂದ ಮಾನಿಟರ್ ನಿಮ್ಮ ಎದುರಿಗೆ, ಮೈಕಿನ ಬಾಲ ತೋರಿಸುವ ಕಡೆಗೇ ಇರಬೇಕು. ಅದೇ ಕಂಪನಿಯ ಬೀಟಾ 58ಎ ಮೈಕ್ ಆದರೆ ನೇರ ಎದುರಿಗಲ್ಲ, ಸ್ವಲ್ಪ ಬದಿಗೆ. ಜನರ ಕಡೆಯ ದೊಡ್ಡ ಬಾಕ್ಸುಗಳು ನೀವು ನಿಲ್ಲುವ ಗೆರೆಗಿಂತ ನಾಲ್ಕೈದು ಅಡಿ ಮುಂದಿರಬೇಕು. ಮಾನಿಟರಿನಲ್ಲಿ ನಿಮ್ಮ ದನಿ, ಶ್ರುತಿಗೆ ಬೇಕಾದಷ್ಟು ಕೀಬೋರ್ಡ್, ಇಷ್ಟು ಬಿಟ್ಟು ಬೇರೇನೂ ಬೇಡ.

ಡ್ರಮ್ಸ್ ವಿಚಾರದಲ್ಲಿ ನನ್ನದು ಹಳೆಯ ಹಟ. ಈ ಅಂಕಣ ಓದುವವರಿಗೆ ಗೊತ್ತಿದೆ. ಇನ್ನೂರು ಮುನ್ನೂರು ಜನ ಕೂರುವ ಪೆಂಡಾಲಿಗೆ ಡ್ರಮ್ ಸೆಟ್ ಬೇಡ. ನಿಮ್ಮಲ್ಲಿ ರಿದಮ್ ಪ್ಯಾಡ್ ಇದೆ, ಅದರ ಶಬ್ದ ಒಂದು ಗುಂಡಿಯಲ್ಲಿ ಇಳಿಯುತ್ತದೆ. ಡ್ರಮ್ಸಿನವರು ಗೆಳೆಯರು, ಬಿಡಲಾಗುವುದಿಲ್ಲ ಅನ್ನುವುದಾದರೆ ದಪ್ಪ ಕಡ್ಡಿಯ ಬದಲು ಸಣ್ಣ ಕಡ್ಡಿಗಳನ್ನು ಸೇರಿಸಿ ಕಟ್ಟಿದ ಕಟ್ಟುಕಡ್ಡಿಯಲ್ಲಿ ನುಡಿಸಲಿ, ಸಿಂಬಲ್ಲನ್ನು ನಿಮ್ಮ ಎದೆಯ ಮಟ್ಟಕ್ಕೆ ಇಳಿಸಲಿ, ನಿಮ್ಮಿಂದ ಎಂಟು ಅಡಿ ಹಿಂದೆ ಸರಿಯಲಿ. ಸೌಂಡ್ ಚೆಕ್ ಮಂಗಳಾರತಿಗೂ ಮುಂಚೆ ಆಗಬೇಕು, ಇದು ನನ್ನ ಇನ್ನೊಂದು ಹಟ. ಮೊದಲು ಹಾಡುವವರ ದನಿ ಮಾನಿಟರಿನಲ್ಲಿ ಸರಿಯಾಗಲಿ, ಆಮೇಲೆ ಕೀಬೋರ್ಡ್, ಢೋಲಕ್, ಗಿಟಾರ್, ಕಟ್ಟಕಡೆಗೆ ಡ್ರಮ್ಸ್. ಎಲ್ಲ ಊರಲ್ಲೂ ಇದು ತಿರುಗಾಮುರುಗಾ ನಡೆಯುತ್ತದೆ. ಸಮಿತಿಯವರ ಭಾಷಣ ಮುಗಿಯುವಷ್ಟರಲ್ಲಿ ಎಂಟೂವರೆ, ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ 2000ನೇ ಇಸವಿಯ ನಿಯಮ ತಲೆಯ ಮೇಲೆ, ಅವಸರದಲ್ಲಿ ಎಲ್ಲ ಗುಂಡಿಯೂ ಮೇಲೆ.

ಕಿವಿಗೆ ಹತ್ತಿ ತುರುಕಿಕೊಳ್ಳುತ್ತೇನೆ ಅಂದಿದ್ದೀರಿ. ಅದರಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಸಂಗೀತಗಾರರಿಗೆಂದೇ ಮಾಡಿದ ಇಯರ್ ಪ್ಲಗ್ ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ, 15ರಿಂದ 20 ಡೆಸಿಬೆಲ್ ಇಳಿಸುತ್ತದೆ, ಅದನ್ನು ತರಿಸಿಕೊಳ್ಳಿ. ಅಲ್ಲಿಯವರೆಗೆ ಮೆಡಿಕಲ್ ಅಂಗಡಿಯ ಫೋಮ್ ಪ್ಲಗ್ ಆಗುತ್ತದೆ. ಅದನ್ನು ಬತ್ತಿ ಹೊಸೆದ ಹಾಗೆ ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಡಿ, ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ. ಮೊದಮೊದಲು ನಿಮ್ಮ ದನಿ ಹಂಡೆಯೊಳಗೆ ಹಾಡಿದ ಹಾಗೆ ಗುಂಯ್ ಅನ್ನುತ್ತದೆ. ಅದರಿಂದ ಲಾಭವೇ ಇದೆ, ಮೂಳೆಯ ಮೂಲಕ ನಿಮ್ಮ ಶ್ರುತಿ ನಿಮಗೆ ಕೇಳತೊಡಗುತ್ತದೆ. ನಾಲ್ಕು ಅಭ್ಯಾಸದಲ್ಲಿ ರೂಢಿಯಾಗುತ್ತದೆ.

ಹೊಸ ಹುಡುಗನ ಬಗ್ಗೆ ನಿಮಗೆ ಹೊಟ್ಟೆಕಿಚ್ಚಿದೆ ಅಂತ ಪತ್ರದಲ್ಲಿ ಒಪ್ಪಿಕೊಂಡಿದ್ದೀರಿ. ನನಗೆ ಆ ಹುಡುಗನನ್ನು ನೆನೆದರೆ ಸಂಕಟವಾಗುತ್ತದೆ. ಅವನನ್ನು ನಿಲ್ಲಿಸುವುದು ನೀವು ನಿಂತ ಜಾಗದಲ್ಲೇ, ಅದೇ ಸಿಂಬಲ್ಲಿನ ಮುಂದೆ, ಅದೇ ಒದ್ದೆ ಜಮಖಾನದ ಮೇಲೆ. ಹತ್ತೊಂಬತ್ತರಲ್ಲಿ ಶುರುವಾದರೆ ನಲವತ್ತೊಂದಕ್ಕೆ ಅವನ ಕಿವಿಯಲ್ಲಿ ಏನುಳಿದೀತು? ಅವನಿಗೂ ಒಂದು ಜೊತೆ ಪ್ಲಗ್ ತಂದುಕೊಡಿ.

ಬಿಡಬೇಕೋ ಇರಬೇಕೋ ಅನ್ನುವ ಪ್ರಶ್ನೆಗೆ ನಾನು ಈಗ ಉತ್ತರ ಹೇಳುವುದಿಲ್ಲ. ನೀವು ಮಾಡಬೇಕಾದ್ದು ಒಂದೇ ಒಂದು. ಮುಂದಿನ ಅಭ್ಯಾಸಕ್ಕೆ ಹೋಗುವ ಮುಂಚೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗಕ್ಕೆ ಹೋಗಿ ಕಿವಿ ತೋರಿಸಿ, ಕೇಳ್ಮೆ ಅಳೆಯುವ ಆಡಿಯೊಮೆಟ್ರಿ ಪರೀಕ್ಷೆ ಮಾಡಿಸಿ. ಹೋಗುವ ಹಿಂದಿನ ಎರಡು ದಿನ ಗದ್ದಲದ ಹತ್ತಿರ ಸುಳಿಯಬೇಡಿ, ಇಲ್ಲದಿದ್ದರೆ ದಣಿದ ಕಿವಿಯ ಲೆಕ್ಕ ಬರುತ್ತದೆ. ಮೊರೆತ ಒಂದೇ ಕಿವಿಯಲ್ಲಿದೆ ಅನ್ನುವುದನ್ನು ವೈದ್ಯರಿಗೆ ಒತ್ತಿ ಹೇಳಿ. ಕುಗ್ಗೆಯಿಂದ ಹಿಡಿದು ನರದ ತೊಂದರೆಯವರೆಗೆ ಬೇರೆ ಕಾರಣಗಳೂ ಇರಬಹುದು, ಅವರು ನೋಡಲೇಬೇಕು. ಹೆಚ್ಚಿನ ಪರೀಕ್ಷೆ ಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಯಾವತ್ತಾದರೂ ಒಂದು ಕಿವಿ ಇದ್ದಕ್ಕಿದ್ದಂತೆ ಮುಚ್ಚಿದ ಹಾಗಾಗಿ ಕೇಳದೆ ಹೋದರೆ ಮಾತ್ರ ಒಂದು ದಿನವೂ ಕಾಯಬೇಡಿ. ಅದಕ್ಕೆ ಔಷಧಿ ಬೇಗ ಬಿದ್ದಷ್ಟೂ ಒಳ್ಳೆಯದು.

ಪರೀಕ್ಷೆಯ ಹಾಳೆ ಕೈಗೆ ಬಂದ ಮೇಲೆ ಅದನ್ನು ತಂಡದ ಮುಂದಿಡಿ, ಆಮೇಲೆ ನನಗೆ ಬರೆಯಿರಿ. ಆಸ್ಪತ್ರೆಗೆ ಹೋಗುವಾಗ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ. ಯಾವಾಗಿನಿಂದ ಕೇಳುತ್ತಿಲ್ಲ ಅಂತ ವೈದ್ಯರು ಕೇಳುತ್ತಾರೆ. ಟಿ.ವಿ. ಯಾವಾಗಿನಿಂದ ಜೋರಾಯಿತು ಅನ್ನುವುದು ಅವಳಿಗೆ ಗೊತ್ತು.